ಸಹಾಯ ಬೇಕು: ಹಳೇ ಮಿಯಾಟಾ, ಮಳೆ ಬಂದರೆ ಒಳಗೇ ಕೆರೆ

ಹೋದ ತಿಂಗಳು ಇಲ್ಲಿ, ನಾರ್ತ್ ಕೆರೊಲಿನಾದಲ್ಲಿ, 1996ರ ಮಾಜ್ದಾ ಮಿಯಾಟಾ ಕಾರು ತಗೊಂಡೆ. ಮೆಕ್ಯಾನಿಕ್ ಕೂಲಿ ಕೇಳಿದರೆ ತಲೆ ತಿರುಗುತ್ತದೆ, ಹಾಗಾಗಿ ಎಲ್ಲಾ ನಾನೇ ಮಾಡುತ್ತಿದ್ದೇನೆ. ಆಯಿಲ್, ಪ್ಲಗ್, ಕೂಲಂಟ್ ಮುಗಿಯಿತು.

ತಲೆನೋವು ಟಾಪಿನದು, ಅಂದರೆ ಮೇಲಿನ ಮಡಚುವ ಛಾವಣಿಯದು. ಮಳೆಯ ಮರುದಿನ ಸೀಟಿನ ಹಿಂದಿನ ಕಾರ್ಪೆಟ್ ಹಿಂಡಿದರೆ ನೀರು ಸುರಿಯುತ್ತದೆ. ಸೀಟ್ ಬೆಲ್ಟ್ ಪಕ್ಕ ನೀರು ಇಳಿಯುವ ತೂತುಗಳಿವೆ ಅಲ್ವಾ? ಬಲಗಡೆಯದರಿಂದ ಪೈನ್ ಎಲೆ, ಕೆಸರು ಒಂದು ಹಿಡಿ ತೆಗೆದೆ. ಎಡಗಡೆ ಬಾಟಲಿಯಿಂದ ನೀರು ಹಾಕಿದರೆ ಹಾಗೇ ನಿಲ್ಲುತ್ತದೆ. ತಂತಿ ತೂರಿಸಿದರೆ ಒಳಗಿನ ರಬ್ಬರ್ ಹರಿದೀತು ಅಂತ ಭಯ. ನೀವು ಏನು ಬಳಸಿದಿರಿ?

ಹಿಂದಿನ ಪ್ಲಾಸ್ಟಿಕ್ ಕಿಟಕಿಯೂ ಮಜ್ಜಿಗೆ ಬಣ್ಣಕ್ಕೆ ತಿರುಗಿದೆ. ಪಾಲಿಶ್ ಸಾಕಾ, ಟಾಪನ್ನೇ ಬದಲಿಸಬೇಕಾ? ಇನ್ನು ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಭಾಗಗಳನ್ನು ಒಂದೇ ತಾಳದಲ್ಲಿ ತಿರುಗಿಸುವ ಬೆಲ್ಟ್) 60,000 ಮೈಲಿಗೊಮ್ಮೆ ಬದಲಿಸಬೇಕು ಅಂತಾರೆ, ಹಳೇ ಓನರ್ ಹತ್ತಿರ ಬಿಲ್ಲೇ ಇಲ್ಲ. ಮನೆಯಲ್ಲೇ ಹಾಕಿದವರಿದ್ದರೆ ದಯವಿಟ್ಟು ಹೇಳಿ.