ದರಕಿನಿಂದ ಶುರುವಾದ ಆಹಾರ ಸರಪಳಿ ತಪ್ಪಾ?

ಕೊಟ್ಟಿಗೆಮನೆ (ಶಿರಸಿ ಕಡೆ), ಜೂನ್

ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದು, ಆದರೆ ಮನೆಯಲ್ಲಿ ಎರಡು ದಿನದಿಂದ ಇದೇ ಜಗಳ.

ಮಗಳು ಏಳನೇ ಕ್ಲಾಸು. ಸುತ್ತಮುತ್ತ ಕಂಡ ಒಂದು ಆಹಾರ ಸರಪಳಿ ಬರೆದುಕೊಂಡು ಬನ್ನಿ ಅಂದಿದ್ದರು. ಪುಸ್ತಕದಲ್ಲಿ ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು ಅಂತ ಇದೆ. ಇವಳು ತೋಟದಲ್ಲಿ ನೋಡಿದ್ದನ್ನೇ ಬರೆದಳು: ದರಕು (ಉದುರಿದ ಒಣ ಎಲೆ), ಎರೆಹುಳ, ಕಪ್ಪೆ, ಕೇರೆಹಾವು. ಪಟ್ಟಿ ವಾಪಸ್ ಬಂದಾಗ ದರಕಿನ ಮೇಲೆ ಕೆಂಪು ಗೀಟು. 'ಹಸಿರು ಗಿಡದಿಂದಲೇ ಶುರುವಾಗಬೇಕು, ಎರೆಹುಳ ಕೊನೆಗೆ ಬರಬೇಕು' ಅಂತ ಷರಾ. ಕಪ್ಪೆ ಎರೆಹುಳ ಎಳೆದು ನುಂಗಿದ್ದನ್ನ ಅವಳು ಕಣ್ಣಾರೆ ಕಂಡಿದ್ದಾಳೆ. ಈಗ ಅಳು.

ಇನ್ನೊಂದು ಪ್ರಶ್ನೆ ನನ್ನದು. ಹೋದ ವರ್ಷ ಬೆಟ್ಟದ ದರಕು ಸಾಲಲಿಲ್ಲ. ಪಕ್ಕದ ಪ್ಲಾಂಟೇಶನ್ನಿಂದ ಅಕೇಶಿಯಾ ಎಲೆ ಗುಡಿಸಿ ತಂದು ಕೊಟ್ಟಿಗೆಗೆ ಹಾಸಿದೆವು. ಗುಂಡಿಯಿಂದ ಗೊಬ್ಬರ ತೆಗೆಯುವಾಗ ಮತ್ತಿ, ಹೊನ್ನೆ ಎಲೆಯ ಸುಳಿವೇ ಇಲ್ಲ. ಅಕೇಶಿಯಾ ಮಾತ್ರ ಹಾಕಿದ ಹಾಗೇ ಬಂತು. ಎಳೆದರೂ ಹರಿಯಲ್ಲ. ಯಾಕೆ ಹೀಗೆ?

ಚಾಕ್‌ಪೀಸು (ನಿವೃತ್ತ)

ತಾಯಿ, ಮೊದಲು ಹುಡುಗಿಯ ಅಳು ನಿಲ್ಲಿಸಿ. ಅವಳು ಬರೆದದ್ದು ಸರಿ ಇದೆ.

ಸರಪಳಿಯಲ್ಲಿ ಎರಡು ಜಾತಿ. ಹಸಿ ಎಲೆ ತಿನ್ನುವವರಿಂದ ಶುರುವಾಗುವುದು ಒಂದು. ಸತ್ತ ಎಲೆ ತಿನ್ನುವವರಿಂದ ಶುರುವಾಗುವುದು ಇನ್ನೊಂದು. ನಾವು ಮೇಷ್ಟ್ರುಗಳು ಮೊದಲನೆಯದನ್ನೇ ಬೋರ್ಡ್ ಮೇಲೆ ಬರೆದು ಬರೆದು, ಎರಡನೆಯದು ಇದೆ ಅನ್ನೋದನ್ನೇ ಮರೆತಿದ್ದೇವೆ. ಕಾಡಿನಲ್ಲಿ ದೊಡ್ಡದು ಎರಡನೆಯದೇ. ನಿಮ್ಮ ಬೆಟ್ಟದ ಮತ್ತಿ ಮರದ ಎಲೆ ಹಸಿ ಇದ್ದಾಗ ಹುಳ ತಿನ್ನೋದು ಸಣ್ಣ ಪಾಲು. ಮಿಕ್ಕಿದ್ದೆಲ್ಲ ಒಣಗಿ ಉದುರಿ ನೆಲದವರ ಪಾಲಾಗುತ್ತೆ. ಹರಟೆಮಲ್ಲ ಹಕ್ಕಿಗಳು ದಿನವಿಡೀ ದರಕು ಕೆದರೋದು ಸುಮ್ನೆ ಅಲ್ಲ.

ಇನ್ನು ಎರೆಹುಳ. ಅದು ವಿಘಟಕ, ಅಂದ್ರೆ ಸತ್ತದ್ದನ್ನು ಕೊಳೆಸುವ ಜೀವಿ, ಅಂತ ಅದನ್ನು ಕೊನೆಗೆ ಇಡ್ತಾರೆ. ಆದ್ರೆ ಖರೆ ಅರ್ಥದಲ್ಲಿ ವಿಘಟಕ ಅಂದ್ರೆ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರ. ಅವಕ್ಕೆ ಬಾಯಿಲ್ಲ. ರಸ ಬಿಟ್ಟು ಹೊರಗೇ ಕರಗಿಸಿ ಹೀರುತ್ತವೆ. ಎರೆಹುಳ ಹಾಗಲ್ಲ, ಬಾಯಿಂದ ತಿಂದು ಪುಡಿ ಮಾಡಿ ಹಿಕ್ಕೆ ಹಾಕುತ್ತೆ. ಅದನ್ನು ಇನ್ನೊಂದು ತಿಂದರೆ ಸರಪಳಿ ಮುಂದಕ್ಕೆ ಹೋಯ್ತು. ಕೊನೆಯಲ್ಲಿ ನಿಲ್ಲಿಸಲು ಅದೇನು ಕಾವಲುಗಾರನಾ?

ಶಾಲೆಯವರ ಮಾತಲ್ಲೂ ಒಂದು ಸತ್ಯ ಇದೆ. ದರಕು ತಾನೇ ಅಡುಗೆ ಮಾಡಿಕೊಂಡಿದ್ದಲ್ಲ, ಮರ ಮಾಡಿದ್ದು. ಹಾಗಾಗಿ ಶುರುವಿಗೆ 'ಮತ್ತಿ ಮರ' ಅಂತ ಸೇರಿಸಿ, ಆಮೇಲೆ ದರಕು ಬರೆಯಲಿ. ಕೆಂಪು ಪೆನ್ನಿಗೆ ಕೆಲಸ ಇರಲ್ಲ.

ಮೈಲುತುತ್ತ (ತೀರ್ಥಹಳ್ಳಿ)

ಅಕೇಶಿಯಾ ಬಗ್ಗೆ ನಾನು ಹೇಳ್ತೀನಿ ಅಕ್ಕಾ, ನಾನೂ ಬಿದ್ದ ಗುಂಡಿಯೇ ಅದು. ನೀವು ಗುಡಿಸಿ ತಂದದ್ದು ಎಲೆಯೇ ಅಲ್ಲ. ಚಪ್ಪಟೆಯಾದ ತೊಟ್ಟು. ನಂಬಿಕೆ ಇಲ್ಲದಿದ್ದರೆ ಆಗಷ್ಟೇ ಹುಟ್ಟಿದ ಅಕೇಶಿಯಾ ಸಸಿ ನೋಡಿ. ಮೊದಲ ಎಲೆಗಳು ಹುಣಸೆ ಎಲೆ ಥರ ಪುಟ್ಟಪುಟ್ಟಗೆ ಇರ್ತವೆ. ಆಮೇಲೆ ಅವು ಬರೋದು ನಿಂತು ತೊಟ್ಟೇ ಅಗಲ ಆಗುತ್ತೆ. ಆಸ್ಟ್ರೇಲಿಯಾ ಕಡೆಯ ಮರ, ನೀರು ಉಳಿಸೋ ಉಪಾಯ. ದಪ್ಪ, ಮೇಣದ ಮೈ, ನಾರು ಜಾಸ್ತಿ, ಒಗರು ಬೇರೆ. ಹುಳಕ್ಕೂ ಬೇಡ, ಬೂಸ್ಟಿಗೂ ನಿಧಾನ. ನಿಮ್ಮ ಕಡೆ 1 ಎಕರೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು, ದರಕು ತರೋ ಕಾಡಿನ) ಹಕ್ಕು ಇದ್ದೂ ದರಕು ಸಾಲಲಿಲ್ಲವಾ! ನಮಗೆ ಅದೂ ಇಲ್ಲ.

ಇನ್ನೊಂದು ಮಾತು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣ ಹೊಡೀತೀವಲ್ಲ, ಅದರ ತಾಮ್ರ ಎಲ್ಲೂ ಹೋಗಲ್ಲ. ವರ್ಷ ವರ್ಷ ಮಣ್ಣಲ್ಲೇ ಸೇರ್ತಾ ಹೋಗುತ್ತೆ, ಎರೆಹುಳಕ್ಕೆ ಆಗಲ್ಲ. ಹೊಡೀಬೇಡಿ ಅನ್ನಲ್ಲ, ನಾನೂ ಹೊಡೀತೀನಿ. ಡ್ರಮ್ಮಿನಲ್ಲಿ ಉಳಿದದ್ದನ್ನ ಮರದ ಬುಡಕ್ಕೆ ಚೆಲ್ಲಬೇಡಿ ಅಷ್ಟೇ.

ಕೊಟ್ಟಿಗೆಮನೆ

ಇಬ್ಬರಿಗೂ ತುಂಬಾ ಉಪಕಾರ. ಮಗಳದ್ದು ಹೊಸ ತಕರಾರು: ಎರೆಗೊಬ್ಬರ ಮತ್ತೆ ಮರಕ್ಕೇ ಹೋಗುತ್ತೆ, ಹಾಗಾದರೆ ಇದು ಸರಪಳಿ ಅಲ್ಲ, ಬಳೆ ಅಲ್ವಾ?

ಚಾಕ್‌ಪೀಸು (ನಿವೃತ್ತ)

ಅರ್ಧ ಬಳೆ ಅನ್ನಿ. ಸಾರಜನಕ, ರಂಜಕ, ಪೊಟ್ಯಾಷ್ ಸುತ್ತಿ ಸುತ್ತಿ ಮರಕ್ಕೇ ಬರುತ್ತವೆ. ಶಕ್ತಿ ಮಾತ್ರ ವಾಪಸ್ ಬರಲ್ಲ. ಹೊಸ ಗೊಬ್ಬರದ ರಾಶಿಗೆ ಒಂದು ಕಬ್ಬಿಣದ ಸರಳು ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆಯಲು ಹೇಳಿ. ಚುರುಕ್ ಅನ್ನುತ್ತೆ, ಜೋಪಾನ. ಎಲೆ ಹಿಡಿದಿಟ್ಟಿದ್ದ ಬಿಸಿಲು ಆ ಕಾವಾಗಿ ಹೊರಟುಹೋಗ್ತಾ ಇದೆ. ಅದನ್ನು ಹಿಡಿದು ಮರಕ್ಕೆ ಕೊಡಲು ಯಾವ ಹುಳಕ್ಕೂ ಆಗಲ್ಲ, ಮತ್ತೆ ಸೂರ್ಯನೇ ಬೇಕು.

ಈ ಲೆಕ್ಕವನ್ನು ಅಮೆರಿಕದ ಮಿನೆಸೋಟಾದ ಒಂದು ಸಣ್ಣ ಕೆರೆಯ ದಂಡೆಯಲ್ಲಿ ಕೂತು ಮಾಡಿದವರು ರೇಮಂಡ್ ಲಿಂಡೆಮನ್ ಅನ್ನೋ ವಿಜ್ಞಾನಿ. 1942ರಲ್ಲಿ ಆ ಬರಹ ಅಚ್ಚಾಗುವ ಮೊದಲೇ ತೀರಿಕೊಂಡರು, ಇನ್ನೂ ಹುಡುಗ. ಅವರು ಬರೆದ ಚಿತ್ರದ ನಟ್ಟನಡುವೆ ಇರೋದು ಗಿಡವೂ ಅಲ್ಲ, ಮೀನೂ ಅಲ್ಲ. ಕೆರೆತಳದ ಕೆಸರು!

ಹುಡುಗಿಗೆ ಇಷ್ಟು ಆಸಕ್ತಿ ಇದ್ದರೆ ಒಂದು ಕೆಲಸ ಕೊಡಿ. ಸೊಳ್ಳೆಪರದೆ ಬಟ್ಟೆಯ ಎರಡು ಚೀಲ, ಈರುಳ್ಳಿ ಬರುವ ಬಲೆಯ ಎರಡು ಚೀಲ. ಒಂದೊಂದು ಜೊತೆಯಲ್ಲಿ ಒಂದು ಚೀಲಕ್ಕೆ 100 ಗ್ರಾಂ ಮತ್ತಿ ದರಕು, ಇನ್ನೊಂದಕ್ಕೆ 100 ಗ್ರಾಂ ಅಕೇಶಿಯಾ. ತೋಟದಲ್ಲಿ ಮಣ್ಣಿಗೆ ತಾಗುವ ಹಾಗೆ ಇಟ್ಟು, ತಿಂಗಳಿಗೊಮ್ಮೆ ತೂಗಲಿ. ಪರದೆಯೊಳಗೆ ಎರೆಹುಳ ನುಗ್ಗಲ್ಲ, ಬಲೆಯೊಳಗೆ ನುಗ್ಗುತ್ತೆ.

ಕೊಟ್ಟಿಗೆಮನೆ, ಆಗಸ್ಟ್ ಕೊನೆ

ಮೇಷ್ಟ್ರೇ, ಮೊದಲ ತಿಂಗಳು ಮರ್ಯಾದೆ ಹೋಯ್ತು. ತೂಗಿದರೆ ನಾಲ್ಕೂ ಚೀಲ ಮೊದಲಿಗಿಂತ ಭಾರ! 'ಕೊಳೆತರೆ ತೂಕ ಜಾಸ್ತಿ ಆಗುತ್ತಾ ಆಯಿ?' ಅಂದಳು. ಮಳೆ ನೀರು, ಮಣ್ಣು ಎಲ್ಲ ಸೇರಿ ತೂಗಿದ್ದೆವು. ಈ ಸಲ ತೊಳೆದು, ಬಿಸಿಲಿಲ್ಲವಲ್ಲ, ಬಚ್ಚಲ ಒಲೆ ಮೇಲೆ ನಾಲ್ಕು ದಿನ ಒಣಗಿಸಿ ತೂಗಿದೆವು.

ಬಲೆ ಚೀಲದ ಮತ್ತಿಯಲ್ಲಿ ನರ ಬಿಟ್ಟು ಏನೂ ಉಳಿದಿಲ್ಲ, ಜರಡಿ ಹಿಡಿದ ಹಾಗಿದೆ. ಪರದೆ ಚೀಲದ ಮತ್ತಿ ಎಲೆಗೆ ಎಲೆಯ ಆಕಾರ ಇನ್ನೂ ಇದೆ, ಆದರೆ ಮುಟ್ಟಿದರೆ ಪುಡಿ. ಒಳಗೆಲ್ಲ ಹತ್ತಿಯ ಎಳೆಯಂಥ ಬಿಳಿ ಬೂಸ್ಟು. ಅಕೇಶಿಯಾ ಎರಡು ಚೀಲದಲ್ಲೂ ಬಣ್ಣ ಕಪ್ಪಾಗಿದ್ದು ಬಿಟ್ಟರೆ ಜಾಸ್ತಿ ಏನೂ ಆಗಿಲ್ಲ. ಅವನ್ನು ಮತ್ತೆ ತೋಟದಲ್ಲೇ ಇಟ್ಟು ಬಂದಿದ್ದಾಳೆ, ದೀಪಾವಳಿಗೆ ತೆಗೆಯುತ್ತಾಳಂತೆ.

ಚೀಲದ ಬಾಯಿಗೆ ಬಾಳೆನಾರು ಕಟ್ಟಿದ್ದೆ. ಮೊದಲ ತಿಂಗಳಲ್ಲೇ ಅದು ಮಾಯ. ಈ ಸಲ ನೈಲಾನ್ ದಾರ ಕಟ್ಟಿದ್ದೇನೆ.