ಪದಚರ್ಚೆ: ಮನೆಯಲ್ಲಿಡುವ ಪುಟ್ಟ ಆಂಪ್ಲಿಫೈಯರಿಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಗೆಳೆಯರೆ,

ನಾಳೆ ಸಂಜೆಯೊಳಗೆ ಒಂದು ಪದ ಬೇಕು. ನನ್ನ ಚಿಕ್ಕಪ್ಪನ ಮಗ ಶಿವಮೊಗ್ಗದಲ್ಲಿ ಅಂಗಡಿ ಇಡುತ್ತಿದ್ದಾನೆ. ಮನೆಯಲ್ಲಿ ಹಾಡು ಕೇಳುವ ಸ್ಟೀರಿಯೊ ಆಂಪ್ಲಿಫೈಯರ್ ಮಾರುತ್ತಾನೆ, ಹಳೆಯದರ ರಿಪೇರಿಯೂ ಉಂಟು. ಮೈಕ್ ಸೆಟ್ ಅಲ್ಲ. ಅಂಗೈಯಲ್ಲಿ ಹಿಡಿಯುವಂಥ ಡಬ್ಬಿ. ಮುಂದೆ ವಾಲ್ಯೂಮ್ ತಿರುಗಿಸುವ ಗುಂಡಿ, ಹಿಂದೆ ಎರಡು ಸ್ಪೀಕರಿಗೆ ವೈರ್ ಸಿಕ್ಕಿಸುವ ಜಾಗ, ಅಡಾಪ್ಟರಿಗೆ ಒಂದು ತೂತು. ಅಷ್ಟೇ. ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಅನ್ನುವುದು ನಿಮಗೆಲ್ಲ ಗೊತ್ತಿದೆ. ಬೋರ್ಡ್ ಬರೆಯುವವರು ನಾಳೆ ಬರುತ್ತಾರೆ. ಯಾವುದನ್ನು ಕೊಳ್ಳಬೇಕು, ಯಾವಾಗ ಅಪ್‌ಗ್ರೇಡ್ ಮಾಡಬೇಕು ಅಂತ ಗಿರಾಕಿಗಳಿಗೆ ಕೊಡಲು ಒಂದು ಪುಟದ ಕೈಚೀಟಿಯನ್ನೂ ನಾನೇ ಬರೆದುಕೊಡಬೇಕು.

ಮೊದಲು ‘ಧ್ವನಿವರ್ಧಕ’ ಎಂದು ಬರೆದೆ. ತಮ್ಮ ನಕ್ಕ. “ಅಕ್ಕಾ, ರಾತ್ರಿ ಹತ್ತಾದ ಮೇಲೆ ಪೊಲೀಸ್ರು ಬಂದು ಅಂಗಡಿ ಮುಂದೆ ನಿಲ್ತಾರೆ” ಅಂದ. ನಿಜ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಳಸಬಾರದು ಎನ್ನುವ ಧ್ವನಿವರ್ಧಕ ಅಂದರೆ ಜನರ ಕಣ್ಣಿಗೆ ಬರುವುದು ಕಂಬಕ್ಕೆ ಕಟ್ಟಿದ ಹಾರ್ನು. ಅದು ಸ್ಪೀಕರ್. ಹೀಗಾದರೆ ಕೈಚೀಟಿಯಲ್ಲಿ “ಧ್ವನಿವರ್ಧಕಕ್ಕೆ ತಕ್ಕ ಧ್ವನಿವರ್ಧಕ ಆರಿಸಿ” ಅಂತ ಬರೆಯಬೇಕಾಗುತ್ತದೆ.

ಚಿಕ್ಕದಾಗಿ ‘ಆಂಪ್’ ಅನ್ನೋಣವೆಂದರೆ ಅದೂ ಎಡವಟ್ಟು. “ಈ ಆಂಪ್‌ಗೆ 24 ವೋಲ್ಟಿನ 5 ಆಂಪ್ ಅಡಾಪ್ಟರ್ ಹಾಕಿ” ಎಂದು ಬರೆದು ನಾನೇ ಗಾಬರಿಯಾದೆ. ಮನೆಮನೆಯಲ್ಲಿ 15 ಆಂಪ್ ಪ್ಲಗ್ ಇರುವಾಗ ಆ ಪದ ಖಾಲಿ ಇಲ್ಲ.

ದಯವಿಟ್ಟು ಬೇಗ ಹೇಳಿ.

— ಶಿವಮೊಗ್ಗ

* * *

> ಮೊದಲು ‘ಧ್ವನಿವರ್ಧಕ’ ಎಂದು ಬರೆದೆ

ತಪ್ಪು ‘ವರ್ಧಕ’ದ್ದಲ್ಲ, ‘ಧ್ವನಿ’ಯದು. ಅದನ್ನು ತೆಗೆಯಿರಿ. ವಿಜ್ಞಾನದ ಪುಸ್ತಕಗಳಲ್ಲಿ ‘ವರ್ಧಕ’ ಎಂದೇ ಇದೆ, ನಾನು ಮೂವತ್ತು ವರ್ಷ ಅದನ್ನೇ ಪಾಠ ಮಾಡಿದ್ದೇನೆ. ‘ಸ್ಟೀರಿಯೊ ವರ್ಧಕ’ ಎಂದು ಬರೆಸಿ. ಇದರಲ್ಲಿ ಚರ್ಚಿಸುವಂಥದ್ದು ಏನೂ ಇಲ್ಲ.

— ಧಾರವಾಡ

* * *

ವೃಧ್ ಧಾತುವಿಗೆ ಸಂಸ್ಕೃತದ್ದೇ ಬಾಲ ಹಚ್ಚಿ ಅದನ್ನು ಕನ್ನಡ ಎಂದು ಕರೆಯುವುದು ಯಾವತ್ತು ನಿಲ್ಲುತ್ತದೋ. ಬಾಚು, ಬಾಚಣಿಗೆ. ಬೀಸು, ಬೀಸಣಿಗೆ. ಸಲಕರಣೆಯ ಹೆಸರು ಕಟ್ಟಲು ನಮ್ಮಲ್ಲೇ ‘ಅಣಿಗೆ’ ಎಂಬ ಒಟ್ಟು, ಅಂದರೆ ಪ್ರತ್ಯಯ, ಇದೆ. ಹೆಚ್ಚು ಎಂಬುದರಿಂದ ಹೆಚ್ಚಣಿಗೆ. ‘ದನಿಹೆಚ್ಚಣಿಗೆ’. ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

— ಬೆಂಗಳೂರು

* * *

> ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ

ಬೇಕು ಸರ್. ನಮ್ಮ ಕಡೆ ಹೆಚ್ಚುವುದು ಸೌತೆಕಾಯಿಯನ್ನು. ‘ಹೆಚ್ಚಣಿಗೆ’ ಎಂದು ಬೋರ್ಡ್ ನೋಡಿದರೆ ಈಳಿಗೆಮಣೆ ಅಂಗಡಿ ಅಂತ ಒಳಗೆ ಬರುತ್ತೇನೆ. ಒಟ್ಟಿನ ವಿಚಾರಕ್ಕೆ ಬಂದರೂ ಅಷ್ಟೇ. ಬರವಣಿಗೆ, ಬೆಳವಣಿಗೆ, ಮೆರವಣಿಗೆ ಎಲ್ಲ ಸಲಕರಣೆಗಳಾ? ನಿಮಗೆ ಬೇಕಾದ ಎರಡನ್ನು ಮಾತ್ರ ಆರಿಸಿಕೊಂಡಿದ್ದೀರಿ.

ಬರಿ ‘ವರ್ಧಕ’ವೂ ಬೇಡ. ಶಕ್ತಿವರ್ಧಕ, ಕೇಶವರ್ಧಕ ಕೇಳಿ ಕೇಳಿ ಕಿವಿಗೆ ಅಭ್ಯಾಸವಾಗಿದೆ. ಬಸ್‌ಸ್ಟ್ಯಾಂಡಿನ ಹತ್ತಿರ ‘ವರ್ಧಕ’ ಎಂದು ಬೋರ್ಡ್ ಹಾಕಿದರೆ ಲೇಹ್ಯ ಕೇಳಿಕೊಂಡು ಬರುತ್ತಾರೆ.

— ಶಿರಸಿ

* * *

ಎಲ್ಲರೂ ಆಂಪ್ಲಿಫೈಯರ್ ಹಿಂದೆ ಬಿದ್ದಿದ್ದೀರಿ. ‘ಸ್ಟೀರಿಯೊ’ವನ್ನು ಯಾರೂ ನೋಡಲಿಲ್ಲ. ಸ್ಟೀರಿಯೊ ಎಂದರೆ ಎರಡು ಅಂತ ಜನ ತಿಳಿದಿದ್ದಾರೆ. ಗ್ರೀಕಿನಲ್ಲಿ ಸ್ಟೀರಿಯೋಸ್ ಎಂದರೆ ಗಟ್ಟಿ, ಘನ. ಮುದ್ರಣದ ಸ್ಟೀರಿಯೊಟೈಪ್ ಎಂದರೆ ಅಚ್ಚಿನ ಗಟ್ಟಿ ತಗಡು. ಈಗ ನಮ್ಮ ‘ಗಟ್ಟಿ’ ನೋಡಿ. ಗಟ್ಟಿ ನೆಲ, ಗಟ್ಟಿ ಮೊಸರು. ಗಟ್ಟಿ ದನಿಯೂ ಹೌದು. ತಾಳಿ ಕಟ್ಟುವಾಗ ಓಲಗದವರು ಎಲ್ಲ ಒಟ್ಟಿಗೆ ಜೋರಾಗಿ ಬಾರಿಸುವುದಕ್ಕೆ ಗಟ್ಟಿಮೇಳ ಎನ್ನುತ್ತೇವೆ. ಒಂದೇ ಪದದಲ್ಲಿ ಸ್ಟೀರಿಯೊ ಬಂತು, ಆಂಪ್ಲಿಫೈಯರೂ ಬಂತು. ‘ಗಟ್ಟಿಮೇಳ ಪೆಟ್ಟಿಗೆ’. ಇದಕ್ಕಿಂತ ಒಳ್ಳೆಯ ಪದ ಸಿಗದು. ನಾನು ಇದನ್ನು ಹಿಂದೆಯೂ ಹೇಳಿದ್ದೆ. ಆಗಲೂ ಯಾರೂ ಕೇಳಲಿಲ್ಲ.

— ಮೈಸೂರು

* * *

> ಗಟ್ಟಿಮೇಳ ಪೆಟ್ಟಿಗೆ

ಮದುವೆ ಛತ್ರಕ್ಕೆ ಸರಿ. ಮುಂದೆ ಹೋಗೋಣ.

— ಧಾರವಾಡ

* * *

ನಾನು ಭಾಷೆ ಓದಿದವನಲ್ಲ. ಹದಿನೈದು ವರ್ಷ ಯಕ್ಷಗಾನದ ಆಟಕ್ಕೆ ಮೈಕ್ ಸೆಟ್ ಹಾಕಿದವನು. ಹಾಗಾಗಿ ಸುಮ್ನೆ ಒಂದು ಮಾತು.

ನೀವೆಲ್ಲ ‘ದನಿ ಹೆಚ್ಚಿಸುವುದು’ ಎಂದು ಹಿಡಿದುಕೊಂಡಿದ್ದೀರಿ. ಆಂಪ್ಲಿಫೈಯರಿನ ಒಳಗೆ ದನಿಯೇ ಇಲ್ಲ. ಬರುವುದೂ ಕರೆಂಟು, ಹೋಗುವುದೂ ಕರೆಂಟು. ದನಿ ಹುಟ್ಟುವುದು ಸ್ಪೀಕರಿನಲ್ಲಿ. ಇನ್ನೊಂದು, ಬಂದದ್ದನ್ನೇ ಅದು ಹಿಗ್ಗಿಸುವುದೂ ಇಲ್ಲ. ಕೆರೆಯ ತೂಬು ನೋಡಿದ್ದೀರಲ್ಲ? ತೂಬು ಎತ್ತುವ ಕೈಗೆ ಶಕ್ತಿ ಸ್ವಲ್ಪ ಸಾಕು, ನುಗ್ಗುವ ನೀರು ಕೆರೆಯದು. ಮೊಬೈಲಿನಿಂದ ಬರುವ ಸಣ್ಣ ಸಿಗ್ನಲ್ ಆ ಕೈ. ಕೆರೆ ನಿಮ್ಮ ಅಡಾಪ್ಟರ್.

ಅಕ್ಕ ಕೈಚೀಟಿಯಲ್ಲಿ ಬರೆಯಬೇಕಾದದ್ದು ಇದು. ಮೊನ್ನೆ ನಮ್ಮ ಬಾವ ಒಂದು ಪುಟ್ಟ ಡಬ್ಬಿ ತರಿಸಿದರು. ಪೆಟ್ಟಿಗೆ ಮೇಲೆ ‘100 ವ್ಯಾಟ್ + 100 ವ್ಯಾಟ್’. ಒಳಗೆ ಕೊಟ್ಟಿದ್ದು 12 ವೋಲ್ಟಿನ ಅಡಾಪ್ಟರ್. ಆ ವೋಲ್ಟಿನಲ್ಲಿ 8 ಓಮ್ ಸ್ಪೀಕರಿಗೆ ಒಂದು ಬದಿಗೆ 9 ವ್ಯಾಟ್ ಸಿಕ್ಕರೆ ಪುಣ್ಯ. ಅದೇ ಡಬ್ಬಿಗೆ 24 ವೋಲ್ಟ್ ಕೊಟ್ಟರೆ 36ರ ಹತ್ತಿರ ಹೋಗುತ್ತದೆ. ವೋಲ್ಟ್ ಎರಡು ಪಟ್ಟು, ವ್ಯಾಟ್ ನಾಲ್ಕು ಪಟ್ಟು. ಅಡಾಪ್ಟರ್ ಬದಲಿಸಿದೆವು, ಅದೇ ಅಪ್‌ಗ್ರೇಡ್ ಆಯ್ತು. ಆದರೆ ಒಳಗಿನ ಚಿಪ್ ಎಷ್ಟು ತಾಳುತ್ತದೆ ನೋಡಿಯೇ ಕೊಡಬೇಕು. ಜಾಸ್ತಿ ಕಾಣುವ ಟಿಪಿಎ3116 ಚಿಪ್ಪಿಗೆ 26 ವೋಲ್ಟಿನ ಮೇಲೆ ಕೊಡುವ ಹಾಗಿಲ್ಲ.

20 ವ್ಯಾಟಿನದು ಕೊಟ್ಟು 40ರದ್ದು ತರುವುದು ಮಾತ್ರ ದುಡ್ಡು ದಂಡ. ಎರಡು ಪಟ್ಟು ವ್ಯಾಟಿಗೆ ಸಿಗುವುದು 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಲು 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. 1978ರಲ್ಲಿ ಬಂದ ಎನ್‌ಎಡಿ 3020 ಎಂಬ ಆಂಪ್ಲಿಫೈಯರ್ ಲೆಕ್ಕಕ್ಕೆ ಒಂದು ಬದಿಗೆ 20 ವ್ಯಾಟ್ ಅಷ್ಟೇ. ಅದನ್ನು ಇಂದಿಗೂ ಹುಡುಕಿಕೊಂಡು ಹೋಗುವವರಿದ್ದಾರೆ. ಹತ್ತಕ್ಕೆ ಹನ್ನೆರಡಡಿ ಕೋಣೆಗೆ ಅಷ್ಟು ಸಾಕು. ಮಿಕ್ಕ ದುಡ್ಡಿಗೆ ಒಳ್ಳೆ ಸ್ಪೀಕರ್ ತರಲಿ.

ಹೆಸರು ಕೇಳಿದಿರಿ. ನಮ್ಮಲ್ಲಿ ಭಾಗವತರಿಂದ ಹಿಡಿದು ಚೌಕಿಯಲ್ಲಿ ಚಾ ತರುವ ಹುಡುಗನವರೆಗೆ ಎಲ್ಲರೂ ‘ಆಂಪ್ಲಿಫೈಯರ್’ ಅಂತಲೇ ಹೇಳುವುದು.

— ಕುಂದಾಪುರ

* * *

> ಅದೇ ಅಪ್‌ಗ್ರೇಡ್ ಆಯ್ತು

‘ಮೇಲ್ದರ್ಜೆಗೆ ಏರಿಸುವುದು’ ಎಂಬ ಪದ ಇರುವಾಗ ಅಪ್‌ಗ್ರೇಡ್ ಏಕೆ? ತೂಬಿನ ಹೋಲಿಕೆ ಚೆನ್ನಾಗಿದೆ, ನನ್ನ ತರಗತಿಯಲ್ಲಿ ಹೊಳೆಯಲಿಲ್ಲ.

— ಧಾರವಾಡ

* * *

ಮೇಲ್ದರ್ಜೆಗೆ ಏರುವುದು ತಾಲ್ಲೂಕು ಆಸ್ಪತ್ರೆ. ಅಡಾಪ್ಟರ್ ಅಲ್ಲ. ಮತ್ತೆ ‘ದರ್ಜೆ’ ಅರಬ್ಬಿಯದು. ಸಂಸ್ಕೃತ ಆಯ್ತು, ಅರಬ್ಬಿಯೂ ಆಯ್ತು. ಕನ್ನಡದ ಸರದಿ ಯಾವಾಗ ಸರ್?

— ಬೆಂಗಳೂರು

* * *

> ಕನ್ನಡದ ಸರದಿ ಯಾವಾಗ ಸರ್?

ನಿಮ್ಮ ಮನೆ ಕಟ್ಟಿದ ಮೇಸ್ತ್ರಿ ಪೋರ್ಚುಗೀಸಿನಿಂದ ಬಂದ ಪದ. ಗೃಹಪ್ರವೇಶದಲ್ಲಿ ಅವರಿಗೆ ಊಟ ಹಾಕದೆ ಕಳಿಸಿದಿರಾ? ಪದ ಯಾರದ್ದು ಅಂತ ಕೇಳುತ್ತಾ ಕೂತಿದ್ದೀರಿ. ಅಂಗಡಿಗೆ ಬಂದವರು ಅದನ್ನು ಕನ್ನಡದ ವಿಭಕ್ತಿ ಹಚ್ಚಿ ಆಡುತ್ತಾರಾ, ಅಷ್ಟು ನೋಡಿ. ‘ಆಂಪ್ಲಿಫೈಯರಿಗೆ’, ‘ಆಂಪ್ಲಿಫೈಯರಿನಲ್ಲಿ’ ಅಂತ ನೀವೇ ಎಲ್ಲರೂ ಬರೆಯುತ್ತಿದ್ದೀರಲ್ವಾ? ಅಪ್‌ಗ್ರೇಡಿಗಂತೂ ಪದವೇ ಬೇಡ. ‘ಹಳೇದು ಕೊಟ್ಟು ಒಳ್ಳೇದು ತಗೊಳ್ಳಿ’ ಎಂದು ಬರೆದರೆ ಮುಗೀತು.

— ಶಿರಸಿ

* * *

ಮೇಸ್ತ್ರಿಯ ಮಾತು ಬೇರೆ. ಅದು ಬಾಯಿಂದ ಬಾಯಿಗೆ ಬಂದು ಕನ್ನಡವಾಯಿತು. ಇದನ್ನು ಪೆಟ್ಟಿಗೆಯ ಮೇಲಿನ ಅಕ್ಷರ ನೋಡಿ ಇಳಿಸಿಕೊಳ್ಳುತ್ತಿದ್ದೇವೆ. ಇಷ್ಟಕ್ಕೇ ನಿಲ್ಲಿಸುತ್ತೇನೆ.

— ಬೆಂಗಳೂರು

* * *

ನಿಲ್ಲಿಸಬೇಡಿ. ‘ಗಟ್ಟಿ’ಗೆ ಯಾರೂ ಉತ್ತರ ಕೊಟ್ಟಿಲ್ಲ.

— ಮೈಸೂರು

* * *

ಎಲ್ಲರಿಗೂ ಥ್ಯಾಂಕ್ಸ್. ಬೋರ್ಡ್ ಆಯ್ತು. ನಾವಿಲ್ಲಿ ಮಾತಾಡುತ್ತಿರುವಾಗ ಬರೆಯುವವರು ಹೇಳಿದ್ದಕ್ಕಿಂತ ಬೇಗ ಬಂದು ಮುಗಿಸಿ ಹೋಗಿದ್ದಾರೆ. ತಮ್ಮ ‘ಆಂಪ್ಲಿಫೈಯರ್’ ಅಂತಲೇ ಹೇಳಿದ್ದನಂತೆ. ಜಾಗ ಸಾಲದೆ ಅವರು ಐತ್ವ ಬಿಟ್ಟು ಎರಡು ಸಾಲು ಮಾಡಿದ್ದಾರೆ. ಮೇಲೆ ಕಪ್ಪಿನಲ್ಲಿ ‘ಆಂಪ್ಲಿ’, ಕೆಳಗೆ ಕೆಂಪಿನಲ್ಲಿ ‘ಫಯರ್’. ಬೆಂಕಿ ಆರಿಸುವ ಸಿಲಿಂಡರ್ ಇದೆಯಾ ಅಂತ ಬೆಳಿಗ್ಗೆಯೇ ಒಬ್ಬರು ಕೇಳಿಕೊಂಡು ಬಂದಿದ್ದರಂತೆ.

ಕೈಚೀಟಿಗೆ ತೂಬು, ಕೆರೆ, 3 ಡೆಸಿಬಲ್ ಮೂರನ್ನೂ ತೆಗೆದುಕೊಂಡಿದ್ದೇನೆ. ‘ಹಳೇದು ಕೊಟ್ಟು ಒಳ್ಳೇದು’ ತಲೆಬರಹ.

— ಶಿವಮೊಗ್ಗ

* * *

ಫ ಕೆಳಗೆ ಎರಡು ಚುಕ್ಕೆ ಹಾಕಿದ್ದಾರೋ ಇಲ್ಲವೋ?

— ಧಾರವಾಡ