ಸಹಾಯ ಬೇಕು: ಸುದ್ದಿಯ ಮೊದಲ ವಾಕ್ಯ ಕನ್ನಡದಲ್ಲಿ ಹೇಗಿರಬೇಕು?

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳಿನಿಂದ ಒಂದು ಜಿಲ್ಲಾ ಪತ್ರಿಕೆಗೆ ನಮ್ಮ ತಾಲ್ಲೂಕಿನಿಂದ ಸುದ್ದಿ ಕಳುಹಿಸುತ್ತಿದ್ದೇನೆ. ಅನುಭವಿ ವರದಿಗಾರರು, ಉಪಸಂಪಾದಕರು ದಯವಿಟ್ಟು ದಾರಿ ತೋರಿಸಬೇಕು.

ಕಳೆದ ವಾರ ಗ್ರಾಮಸಭೆಯೊಂದರ ವರದಿಯನ್ನು ನಡೆದ ಕ್ರಮದಲ್ಲೇ ಬರೆದೆ: ಪ್ರಾರ್ಥನೆ, ಸ್ವಾಗತ, ದೀಪ ಬೆಳಗಿದ್ದು, ಅಧ್ಯಕ್ಷರ ಮಾತು. ಕೊಳವೆಬಾವಿಯ ಮೋಟಾರ್ ಕೆಟ್ಟು ಮೂರು ವಾರವಾಯಿತೆಂದು ಮಹಿಳೆಯೊಬ್ಬರು ಖಾಲಿ ಕೊಡ ಎತ್ತಿ ತೋರಿಸಿದ್ದು ಕೊನೆಯ ಪ್ಯಾರಾದಲ್ಲಿತ್ತು. ಪುಟದಲ್ಲಿ ಜಾಗ ಸಾಲದೆ ಡೆಸ್ಕಿನವರು (ಕಚೇರಿಯಲ್ಲಿ ಸುದ್ದಿ ತಿದ್ದುವವರು) ಕೆಳಗಿನಿಂದ ಕತ್ತರಿಸಿದರು. ಅಚ್ಚಾದದ್ದು ದೀಪ ಬೆಳಗಿದ ಸುದ್ದಿ ಮಾತ್ರ. ಮರುದಿನ ಆ ತಾಯಿ ಬಸ್ ನಿಲ್ದಾಣದಲ್ಲಿ ಸಿಕ್ಕಿ, ‘ನೀರಿನ ವಿಷಯ ಬರಲೇ ಇಲ್ಲವಲ್ಲಪ್ಪ’ ಎಂದಾಗ ಅವರ ಮುಖ ನೋಡಲಾಗಲಿಲ್ಲ.

ಮುಖ್ಯ ಸಂಗತಿ ಮೊದಲು, ಉಳಿದದ್ದು ಆಮೇಲೆ ಎಂಬ ತಲೆಕೆಳಗಾದ ಪಿರಮಿಡ್ ಕ್ರಮ ಏಕೆ ಬೇಕೆಂದು ಈಗ ಅರ್ಥವಾಗಿದೆ. ಆದರೆ ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಲ್ಲವನ್ನೂ ಮೊದಲ ವಾಕ್ಯಕ್ಕೇ ತುರುಕಿದರೆ ಕೆಲಸ ಕೆಡುತ್ತದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಅಷ್ಟರಲ್ಲಿ ಓದುಗರ ಉಸಿರು ಕಟ್ಟಿರುತ್ತದೆ. ನೀವು ಯಾವುದನ್ನು ಎರಡನೆಯ ವಾಕ್ಯಕ್ಕೆ ಬಿಡುತ್ತೀರಿ?

ಇನ್ನೊಂದು ಪ್ರಶ್ನೆ. ಈ ನೀರಿನ ವಿಷಯ ಕೇಳೋಣವೆಂದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಎರಡು ದಿನದಿಂದ ಫೋನ್ ಎತ್ತುತ್ತಿಲ್ಲ. ‘ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ’ ಎಂದು ಬರೆದು ಸುದ್ದಿ ಕೊಡಬಹುದೇ, ಕಚೇರಿಗೇ ಹೋಗಿ ಕಾಯಬೇಕೇ? ಒಂದೇ ಕಡೆಯ ಮಾತು ಬರೆಯಲು ಮನಸ್ಸು ಒಪ್ಪುತ್ತಿಲ್ಲ.

ನಾಡಿದ್ದು ಮತ್ತೆ ಆ ಊರಿಗೆ ಹೋಗುತ್ತಿದ್ದೇನೆ. ನೀವು ಬರೆದ ಯಾವುದಾದರೂ ಗ್ರಾಮಸಭೆ ವರದಿಯ ಮೊದಲ ಎರಡು ವಾಕ್ಯ ಹಾಕಿದರೂ ದೊಡ್ಡ ಉಪಕಾರ.